ಸಂನ್ಯಾಸಿನಿಯ ಸಂಬಳ

ತಮಿಳುನಾಡು, ಕೇರಳಗಳ ಅನುದಾನಿತ ಶಾಲೆಗಳಲ್ಲಿ ಪಾಠ ಹೇಳುವ ಕ್ರೈಸ್ತ ಸಂನ್ಯಾಸಿನಿಯರೂ ಪಾದ್ರಿಗಳೂ ಸರ್ಕಾರದ ಸಂಬಳವನ್ನು ತಮ್ಮ ಧರ್ಮಸಂಘಕ್ಕೇ ಒಪ್ಪಿಸಿಬಿಡುತ್ತಾರೆ. ಕಾಸನ್ನೂ ಉಳಿಸಿಕೊಳ್ಳದವರಿಗೆ ವರಮಾನ ತೆರಿಗೆಯೇ ಎಂದು ನೀವು ಕೇಳಬಹುದು. ದೀಕ್ಷೆ ಪಡೆದವರು ಲೋಕದ ಪಾಲಿಗೆ ಸತ್ತಂತೆ, ಅವರಿಗೆ ಸ್ವಂತ ಆಸ್ತಿಯಿಲ್ಲವೆಂಬುದು ಅವರ ವಾದ. ನಮ್ಮ ಯತಿಗಳೂ ಆತ್ಮಶ್ರಾದ್ಧ ಮಾಡಿಕೊಂಡೇ ಕಾಷಾಯ ಉಡುವವರಲ್ಲವೆ? ಆದರೂ ೨೦೨೪ರ ನವೆಂಬರ್ ೭ರಂದು ಸರ್ವೋಚ್ಚ ನ್ಯಾಯಾಲಯವು ಆ ಮನವಿಗಳನ್ನು ತಳ್ಳಿಹಾಕಿತು. ಸಂಬಳ ಬರುವುದು ಪಾಠ ಹೇಳಿದವರ ಹೆಸರಿಗೆ. ಆಮೇಲೆ ಅದನ್ನು ಯಾರಿಗೆ ಕೊಟ್ಟರೂ ತೆರಿಗೆ ಮುರಿದುಕೊಂಡ ಮೇಲೆಯೇ. ನನಗಿದು ನ್ಯಾಯವೆಂದೇ ತೋರುತ್ತದೆ. ನಾನೂ ಸೀಮೆಸುಣ್ಣ ಹಿಡಿದವನು. ನನ್ನ ಸಂಬಳವೂ ಮನೆಯವರ ಕೈ ಸೇರುತ್ತದೆ, ತೆರಿಗೆ ಮಾತ್ರ ಮೊದಲೇ ಹೋಗಿರುತ್ತದೆ. ಭಕ್ತರು ಇಗರ್ಜಿಗೆ ಹಾಕುವ ಕಾಣಿಕೆಯ ಮಾತು ಬೇರೆ. ನೋಂದಾಯಿಸಿ, ಲೆಕ್ಕವಿಟ್ಟು, ಧರ್ಮಕಾರ್ಯಕ್ಕೆ ವಿನಿಯೋಗಿಸಿದ ವರಮಾನಕ್ಕೆ ಕಾನೂನೇ ವಿನಾಯಿತಿ ಕೊಟ್ಟಿದೆ. ಮಠಕ್ಕೂ ಮಸೀದಿಗೂ ಹಾಗೆಯೇ.