ನಾಯಿಗೆ ಎಷ್ಟು ಹಾಕಬೇಕು?

(ಸಂಘದ ಬೆಳ್ಳಿಹಬ್ಬದ ನಿಮಿತ್ತ ಏರ್ಪಡಿಸಿದ್ದ ಜಾನುವಾರು ಆರೋಗ್ಯ ಶಿಬಿರದಲ್ಲಿ, ಹೈನುಗಾರಿಕೆ ಉಪಸಮಿತಿಯ ಪರವಾಗಿ ಮಾಡಿದ ಭಾಷಣ)



ಬೆಳ್ಳಿಹಬ್ಬದ ಸಭೆಯಲ್ಲಿ ಸಾಲ, ಠೇವು, ಗೊಬ್ಬರದ ಮಾತು ಬಿಟ್ಟು ನಾಯಿಯ ಊಟದ ಬಗ್ಗೆ ಮಾತಾಡ್ತಾರಂತ ಕೇಳಿ ಕೆಲವರು ನಕ್ಕದ್ದು ನಮ್ಮ ಕಿವಿಗೂ ಬಿದ್ದಿದೆ. ನಗಲಿ. 1905ರಲ್ಲಿ ನಮ್ಮ ಗದಗ ತಾಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದಾಗಿನಿಂದ ಈ ಸೀಮೆಗೆ ಲೆಕ್ಕ ಇಡುವ ರೂಢಿ ಇದೆ. ಎಮ್ಮೆಗೆ ಹಾಕುವ ಹಿಂಡಿಯನ್ನೂ ನಾವು ಲೆಕ್ಕದ ಮೇಲೆಯೇ ಹಾಕುತ್ತೇವೆ. ಎರಡು ಲೀಟರ್ ಹಾಲಿಗೆ ಒಂದು ಕಿಲೊ ಅಂತ ಹೆಣ್ಣುಮಕ್ಕಳಿಗೂ ಬಾಯಿಪಾಠ. ಅದೇ ಅಂಗಳದಲ್ಲಿ ಮಲಗಿದ ನಾಯಿಗೆ ಮಾತ್ರ ಲೆಕ್ಕವೇ ಇಲ್ಲ. ಉಳಿದರೆ ಹಾಕೋದು, ಉಳಿಯದಿದ್ದರೆ ಇಲ್ಲ. ಹಾಲು ಕೊಡೋದಿಲ್ಲ ನೋಡ್ರಿ, ಅದಕ್ಕ.

ಆದರೆ ಶಿರಹಟ್ಟಿ, ಮುಂಡರಗಿ ಕಡೆ ಕಪ್ಪತಗುಡ್ಡದ ಸೆರಗಿನಲ್ಲಿ ಕುರಿ ಮೇಯಿಸುವವರನ್ನು ಕೇಳಿರಿ. ತೋಳ, ಕತ್ತೆಕಿರುಬ, ಚಿರತೆ ಇರುವ ಗುಡ್ಡ ಅದು. 2019ರಲ್ಲಿ ವನ್ಯಜೀವಿಧಾಮವೂ ಆಯಿತು. ಅಲ್ಲಿ ರಾತ್ರಿ ಹಟ್ಟಿ ಕಾಯೋದು ನಾಯಿ. ಸಂಘದಿಂದ ಕುರಿಗೆ ಸಾಲ ಕೊಡುತ್ತೇವೆ, ಕುರಿಗೆ ವಿಮೆ ಮಾಡಿಸುತ್ತೇವೆ. ಆ ಕುರಿ ಉಳಿಸುವ ನಾಯಿಗೆ ಹೊಟ್ಟೆತುಂಬ ಹಾಕಿದೆವೋ ಇಲ್ಲವೋ ಅಂತ ಕೇಳಿದವರು ಯಾರು?

ಇನ್ನೊಂದು ಕಡೆ ಗದಗ-ಬೆಟಗೇರಿ, ಲಕ್ಷ್ಮೇಶ್ವರದ ಪಟ್ಟಣದ ಮನೆಗಳು. ಅಲ್ಲಿ ನಮ್ಮ ಮಕ್ಕಳು, ಬೀಗರು ನೌಕರಿ ಮಾಡ್ತಾರ, ಉದ್ದ ಕಿವಿಯ ಸ್ಪೇನಿಯಲ್ ಸಾಕ್ತಾರ. ಅಲ್ಲಿಯ ತೊಂದರೆ ಉಲ್ಟಾ. ಬೆಳಿಗ್ಗೆ ಬಿಸ್ಕೀಟು, ಮಧ್ಯಾಹ್ನ ಅನ್ನ, ಸಂಜೆ ಮಿರ್ಚಿ ಭಜಿಯ ತುಂಡು, ರಾತ್ರಿ ಮತ್ತೆ ಊಟ. ಮೂರು ವರ್ಷ ತುಂಬೋದರೊಳಗೆ ನಾಯಿ ನಡುವೇ ಕಾಣದಂಗ ಆಗ್ತೈತಿ.

ಈಗ ಲೆಕ್ಕಕ್ಕೆ ಬರೋಣ. ಸ್ಪೇನಿಯಲ್‌ನಲ್ಲಿ ಎರಡು ತರಹ ನಮ್ಮ ಕಡೆ ಹೆಸರು ಕೇಳುತ್ತೇವೆ. ಸಣ್ಣದು ಕಾಕರ್, 12ರಿಂದ 15 ಕೆ.ಜಿ. ತೂಗುತ್ತದೆ. ದೊಡ್ಡದು ಸ್ಪ್ರಿಂಗರ್, 20ರಿಂದ 25 ಕೆ.ಜಿ. ನಮ್ಮ ಮುಧೋಳ ನಾಯಿಯೂ, ಹಟ್ಟಿಯ ಒಳ್ಳೆ ನಾಯಿಯೂ ಹೆಚ್ಚುಕಡಿಮೆ ಅದೇ ತೂಕಕ್ಕೆ ಬರುತ್ತವೆ. ಆದ್ದರಿಂದ 22 ಕೆ.ಜಿ.ಯ ನಾಯಿ ಒಂದನ್ನು ಮುಂದಿಟ್ಟುಕೊಂಡು ಮಾತಾಡಿದರೆ ಎಲ್ಲರಿಗೂ ಉಪಯೋಗವಾದೀತು.

ಮೊದಲು ಮರಿ. ಸಂತೆಯಿಂದಲೋ ಗೆಳೆಯರ ಮನೆಯಿಂದಲೋ ಒಂದು ತಿಂಗಳ ಮರಿಯನ್ನು ಚೀಲದಲ್ಲಿ ಹಾಕಿಕೊಂಡು ಬರುವುದು ನಮ್ಮಲ್ಲಿ ರೂಢಿ. ಬೇಡ. ಎಂಟು ವಾರ ತಾಯಿಯ ಹತ್ತಿರ ಇರಲಿ. ಮೂರು-ನಾಲ್ಕನೆಯ ವಾರದಿಂದ ತಾಯಿ ಹಾಲಿನ ಜೊತೆಗೆ ಚೆನ್ನಾಗಿ ಬೆಂದ ತೆಳ್ಳನ್ನ ಅಂಬಲಿಗೆ ಹಾಲು ಬೆರೆಸಿ ತಾಟಿನಲ್ಲಿ ನೆಕ್ಕಿಸಬೇಕು. ಜಂತಿನ ಔಷಧ ಎರಡನೆಯ ವಾರದಿಂದಲೇ, ಹದಿನೈದು ದಿನಕ್ಕೊಮ್ಮೆ. ಜಂತು ತುಂಬಿದ ಮರಿಯ ಹೊಟ್ಟೆ ಗುಡಾಣದಂತೆ ಉಬ್ಬಿರುತ್ತದೆ. ಅದನ್ನು ನೋಡಿ 'ಚಲೋ ಉಣ್ತೈತಿ' ಅನ್ನೋರಿದ್ದಾರೆ. ಉಣ್ಣೋದು ಮರಿ ಅಲ್ಲ, ಒಳಗಿನ ಹುಳ.

ಎರಡು ತಿಂಗಳ ಮರಿ ಸುಮಾರು ಐದು ಕೆ.ಜಿ. ಇದ್ದರೆ ಅದಕ್ಕೆ ದಿನಕ್ಕೆ 700 ಕ್ಯಾಲೊರಿಯಷ್ಟು ಬೇಕು. ನಮ್ಮ ಅಡಿಗೆಮನೆಯ ಭಾಷೆಯಲ್ಲಿ ಹೇಳುವುದಾದರೆ ಒಂದು ದೊಡ್ಡ ರೊಟ್ಟಿಯ ಹಿಟ್ಟಿನಷ್ಟು ಜೋಳದ ನುಚ್ಚು, 400 ಮಿ.ಲೀ. ಆಕಳ ಹಾಲು, ಒಂದು ಬೇಯಿಸಿದ ತತ್ತಿ, ಸಣ್ಣ ಹಿಡಿ ಬೇಳೆ. ಇದನ್ನು ಒಮ್ಮೆಲೇ ಸುರಿಯದೆ ನಾಲ್ಕು ಸಲ ಹಂಚಿ ಹಾಕಬೇಕು. ಹಾಲಿಗೆ ಹೊಟ್ಟೆ ಸಡಿಲಾದರೆ ಮೊಸರು ಹಾಕಿರಿ.

ನಾಲ್ಕು ತಿಂಗಳಿಗೆ ಅದು ಹನ್ನೊಂದು ಕೆ.ಜಿ. ಆಯಿತು ಅಂತ ಇಟ್ಟುಕೊಳ್ಳಿ. ಇಲ್ಲಿ ಸ್ವಲ್ಪ ಲಕ್ಷ್ಯ ಕೊಟ್ಟು ಕೇಳಬೇಕು. ತೂಕ ದೊಡ್ಡ ನಾಯಿಯ ಅರ್ಧ. ಊಟ ಮಾತ್ರ ಹೆಚ್ಚುಕಡಿಮೆ ದೊಡ್ಡ ನಾಯಿಯಷ್ಟೇ. ಸಾವಿರ ಕ್ಯಾಲೊರಿ ಬೇಕು. ಎಲುಬು ಬೆಳೆಯೋದು, ಹಲ್ಲು ಬದಲಾಗೋದು, ಇಡೀ ದಿನ ಕುಣಿಯೋದು ಎಲ್ಲ ಆಗಲೇ. ನಮ್ಮ ಹಳ್ಳಿಗಳಲ್ಲಿ 'ಸಣ್ಣ ಮರಿ, ಅರ್ಧ ರೊಟ್ಟಿ ಸಾಕು' ಅಂತ ಮಜ್ಜಿಗೆಯಲ್ಲಿ ಹಿಸುಕಿ ಹಾಕಿಬಿಡ್ತೀವಿ. ಅರ್ಧ ರೊಟ್ಟಿ ಅಂದರೆ ನೂರಿಪ್ಪತ್ತು ಕ್ಯಾಲೊರಿ. ಮಜ್ಜಿಗೆಯಲ್ಲಿ ಇರೋದು ಬಹುಪಾಲು ನೀರು. ಆ ಮರಿ ಆಮೇಲೆ ದೊಡ್ಡದಾದರೂ ಎದೆ ಇಕ್ಕಟ್ಟು, ಮುಂಗಾಲು ಸೊಟ್ಟ. 'ತಳಿ ಸರಿಯಿಲ್ಲ' ಅಂತ ತಳಿಯ ಮೇಲೆ ಹಾಕ್ತೀವಿ. ತಳಿಯದಲ್ಲ ಅದು, ನಾಲ್ಕನೆಯ ತಿಂಗಳ ತಾಟಿನದು.

ಕಾಲು ಸೊಟ್ಟಾಗೋದಕ್ಕೆ ಸುಣ್ಣದಂಶದ ಕೊರತೆಯೂ ಕಾರಣ. ಬರೀ ರೊಟ್ಟಿ ತಿಂದ ಮರಿಗೂ ಆಗುತ್ತದೆ, ಬರೀ ಮಾಂಸ ತಿಂದ ಮರಿಗೂ ಆಗುತ್ತದೆ. ಮಾಂಸದಲ್ಲಿ ಸುಣ್ಣದಂಶ ಬಹಳ ಕಡಿಮೆ ಅನ್ನೋದು ಬಹಳ ಜನಕ್ಕೆ ಗೊತ್ತಿಲ್ಲ. ಮನೆಯೂಟ ಹಾಕುವವರು ಪಶುವೈದ್ಯರನ್ನು ಕೇಳಿ, ಅವರು ಹೇಳಿದಷ್ಟು ಕ್ಯಾಲ್ಸಿಯಂ ಕೊಡಬೇಕು. ಅದೇ ಪಟ್ಟಣದಲ್ಲಿ ಮರಿಗಳ ಪಾಕೀಟಿನ ಆಹಾರ ಹಾಕುವವರು ಮೇಲೆ ಮತ್ತೆ ಕ್ಯಾಲ್ಸಿಯಂ ಡಬ್ಬಿ ಸುರಿಯಬಾರದು. ಪಾಕೀಟಿನಲ್ಲಿ ಅದು ಇದ್ದೇ ಇರುತ್ತದೆ, ಹೆಚ್ಚಾದರೂ ಎಲುಬು ಕೆಡುತ್ತದೆ. ಮೂರು ತಿಂಗಳ ಮೇಲೆ ದಿನಕ್ಕೆ ಮೂರು ಸಲ, ಆರು ತಿಂಗಳಾದ ಮೇಲೆ ಎರಡು ಸಲ ಹಾಕಿದರೆ ಸಾಕು.

ವರ್ಷ ತುಂಬಿದ ಮೇಲೆ ದೊಡ್ಡ ನಾಯಿ. ಮನೆ ಕಾಯುತ್ತ, ಸಂಜೆ ಒಂದಿಷ್ಟು ಅಡ್ಡಾಡುವ 22 ಕೆ.ಜಿ. ನಾಯಿಗೆ 1100 ಕ್ಯಾಲೊರಿ. ದೊಡ್ಡ ಜೋಳದ ರೊಟ್ಟಿ ಎರಡು, ಅರ್ಧ ಲೀಟರ್ ಹಾಲು ಇಲ್ಲವೆ ಮೊಸರು, ತತ್ತಿ ಎರಡು, ಒಂದು ಹಿಡಿ ಬೇಳೆ. ಪಾಕೀಟಿನ ಒಣ ಆಹಾರವಾದರೆ ಇಡೀ ದಿನಕ್ಕೆ 300 ಗ್ರಾಂ, ಅದರ ಮೇಲೆ ರೊಟ್ಟಿ ಬೇಡ. ಎರಡು ಹೊತ್ತು ಹಂಚಿ, ಬೆಳಿಗ್ಗೆ ತಂಪಿನಲ್ಲಿ, ಸಂಜೆ ಹೊತ್ತು ಇಳಿದ ಮೇಲೆ. ಎದೆ ಆಳವಾಗಿರುವ ನಾಯಿಯನ್ನು ಉಂಡ ಕೂಡಲೆ ಓಡಿಸಬಾರದು, ಹೊಟ್ಟೆ ಉಬ್ಬಿ ಜಠರ ತಿರುಚಿದರೆ ತಾಸುಗಳಲ್ಲಿ ಪ್ರಾಣ ಹೋಗುತ್ತದೆ. ನೀರು ದಿನಕ್ಕೆ ಲೀಟರಿಗಿಂತ ಹೆಚ್ಚು ಬೇಕು, ಬೇಸಿಗೆಯಲ್ಲಿ ಅದರ ಎರಡರಷ್ಟು. ಸ್ಪೇನಿಯಲ್‌ಗೆ ಬಾಯಿ ಸಣ್ಣದಿರುವ ಬಟ್ಟಲು ಇಡಿರಿ. ಇಲ್ಲದಿದ್ದರೆ ಕಿವಿ ಎರಡೂ ಸಾರಿನಲ್ಲಿ ಅದ್ದಿ, ಮೊದಲೇ ಕಿವಿಬ್ಯಾನಿ ಹೆಚ್ಚಿನ ಜಾತಿ, ಕಿವಿ ಸೋರಲಿಕ್ಕೆ ಹತ್ತುತ್ತದೆ.

ಕುರಿಯ ಹಿಂದೆ ದಿನವಿಡೀ ನಡೆದು ರಾತ್ರಿ ಕಾಯುವ ನಾಯಿಗೆ ಇದು ಸಾಲದು. ಇದರ ಒಂದೂವರೆಯಷ್ಟು ಬೇಕು, ಚಳಿಗಾಲದ ಬಯಲಿನಲ್ಲಿ ಇನ್ನೂ ಸ್ವಲ್ಪ ಮೇಲೆ. ಕುರಿಗಾರರಿಗೆ ಹಾಲಿಗೆ ಕೊರತೆ ಇಲ್ಲ. ಕುರಿಹಾಲು ಆಕಳ ಹಾಲಿಗಿಂತ ಗಟ್ಟಿ, ಒಂದು ತಂಬಿಗೆ ನಾಯಿಗೂ ಮೀಸಲಿಡಿರಿ ಅಂತ ನಮ್ಮ ವಿನಂತಿ.

ಹೆಣ್ಣುನಾಯಿ ಗಬ್ಬಾದರೆ 63 ದಿನಕ್ಕೆ ಈಯುತ್ತದೆ. ಮೊದಲ ತಿಂಗಳು ಊಟ ಹೆಚ್ಚಿಸಬೇಕಿಲ್ಲ. ಆರನೆಯ ವಾರದಿಂದ ಕಾಲುಭಾಗ, ಆಮೇಲೆ ಅರ್ಧದಷ್ಟು ಹೆಚ್ಚು. ಈದ ಮೇಲೆ ಮೂರು-ನಾಲ್ಕನೆಯ ವಾರಕ್ಕೆ ಹಾಲು ಏರುವಾಗ ಮಾಮೂಲಿನ ಎರಡರಿಂದ ಮೂರು ಪಟ್ಟು ಬೇಕಾಗುತ್ತದೆ. ಐದಾರು ಮರಿ ಎಳೆಯುತ್ತಿರುವಾಗ ಬೆನ್ನೆಲುಬು ಎಣಿಸುವಂತಾದ ತಾಯಿನಾಯಿಯನ್ನು ನೋಡಿ 'ಈದದ್ದಕ್ಕ ಸೊರಗೈತಿ' ಅನ್ನುತ್ತೇವೆ. ಈದದ್ದಕ್ಕಲ್ರೀ, ಹಾಕದ್ದಕ್ಕ. ಇದೇ ಹೊತ್ತಿನಲ್ಲಿ ಎಮ್ಮೆ ಹಾಗೆ ಸೊರಗಿದರೆ ಡಾಕ್ಟರು ಬರುತ್ತಾರೆ, ಹಿಂಡಿ ಬರುತ್ತದೆ.

ಇಷ್ಟೆಲ್ಲ ಲೆಕ್ಕ ಹೇಳಿದರೂ ಅದು ಅಂದಾಜೇ. ಒಂದೇ ತೂಕದ ಎರಡು ನಾಯಿಗೆ ಒಂದೇ ಊಟ ಸರಿಹೋಗೋದಿಲ್ಲ. ಖರೆ ಅಳತೆ ನಿಮ್ಮ ಅಂಗೈ. ಪಕ್ಕೆಲುಬಿನ ಮೇಲೆ ಕೈ ಆಡಿಸಿರಿ. ಒತ್ತದೆ ಎಲುಬು ಬೆರಳಿಗೆ ಸಿಕ್ಕರೆ ಸರಿಯಾಗಿದೆ, ಒತ್ತಿ ಹುಡುಕಬೇಕಾದರೆ ಊಟ ಇಳಿಸಿರಿ, ಚರ್ಮ ಎಲುಬಿಗೆ ಅಂಟಿಕೊಂಡಿದ್ದರೆ ಏರಿಸಿರಿ. ಸ್ಪೇನಿಯಲ್‌ಗೆ ಕೂದಲು ದಟ್ಟ, ಕಣ್ಣಿಗೆ ಬೊಜ್ಜು ಕಾಣದು, ಕೈಯಿಂದಲೇ ನೋಡಬೇಕು. ಮುಧೋಳ ನಾಯಿಯದು ಬೇರೆ ಮಾತು. ಅಂಚೆ ಇಲಾಖೆ 2005ರಲ್ಲಿ ಅದರ ಚಿತ್ರದ ಅಂಚೆಚೀಟಿ ತಂದಿತಲ್ಲ, ಅದನ್ನು ಸರಿಯಾಗಿ ನೋಡಿದವರಿಗೆ ತಿಳಿಯುತ್ತದೆ: ಆ ನಾಯಿಯ ಮೈಕಟ್ಟೇ ತೆಳುವು, ಹೊಟ್ಟೆ ಬೆನ್ನಿಗೆ ಸೇದಿದಂತೆ. ಹಿಂದಿನ ಎರಡು-ಮೂರು ಪಕ್ಕೆಲುಬು ಸಣ್ಣಗೆ ಕಂಡರೆ ಅದು ಉಪವಾಸವಲ್ಲ. ಬೀಗರು ಬಂದು 'ಏನ್ರೀ, ನಾಯಿಗೆ ಕೂಳು ಹಾಕೂದಿಲ್ಲೇನು?' ಅಂದರೆಂದು ನಾಚಿಕೆಗೆ ಬಿದ್ದು ಅದನ್ನು ಉಬ್ಬಿಸಬೇಡಿರಿ. ಅದರ ಚಂದವೂ ಓಟವೂ ಎರಡೂ ಹೋಗುತ್ತವೆ.

ಏಳೆಂಟು ವರ್ಷದ ಮೇಲೆ ಮುಪ್ಪು. ಓಡಾಟ ಇಳಿದಂತೆ ಊಟ ಐದರಲ್ಲಿ ಒಂದು ಪಾಲು ಇಳಿಸಬೇಕು. ಆದರೆ ರೊಟ್ಟಿ ಇಳಿಸಿರಿ, ತತ್ತಿ-ಬೇಳೆ ಇಳಿಸಬೇಡಿರಿ. ಹಲ್ಲು ಹೋಗಿದ್ದರೆ ನೆನೆಸಿ ಮೆತ್ತಗೆ ಮಾಡಿ ಹಾಕಿರಿ. ಮುದಿ ನಾಯಿ ಒಮ್ಮೆಲೇ ನೀರು ಬಹಳ ಕುಡಿಯಲು ಹತ್ತಿದರೆ, ಉಂಡರೂ ಇಳಿಯುತ್ತಿದ್ದರೆ ವಯಸ್ಸಾಯಿತು ಅಂತ ಬಿಡಬಾರದು. ಮೂತ್ರಪಿಂಡದ ತೊಂದರೆಯೋ ಸಕ್ಕರೆ ಕಾಯಿಲೆಯೋ ಇರಬಹುದು, ದವಾಖಾನೆಗೆ ತೋರಿಸಿರಿ.

ಹಾಕಬಾರದ್ದು ಕೆಲವು. ನಮ್ಮದು ಉಳ್ಳಾಗಡ್ಡಿಯ ಸೀಮೆ. ಉಳ್ಳಾಗಡ್ಡಿ ಹಸಿಯದಾಗಲಿ ಬೇಯಿಸಿದ್ದಾಗಲಿ ನಾಯಿಯ ರಕ್ತ ಒಡೆಯುತ್ತದೆ. ತೂಕದ ಒಂದೊಂದು ಕೆ.ಜಿ.ಗೆ 15ರಿಂದ 30 ಗ್ರಾಂ ಸಾಕು, 22 ಕೆ.ಜಿ. ನಾಯಿಗೆ ಮೂರು-ನಾಲ್ಕು ದೊಡ್ಡ ಗಡ್ಡಿ. ದಿನಾ ಸ್ವಲ್ಪ ಸ್ವಲ್ಪ ಪಲ್ಯ, ಸಾರು ಹಾಕಿದರೂ ಕೂಡುತ್ತ ಹೋಗುತ್ತದೆ. ಬಳ್ಳೊಳ್ಳಿಯೂ ಹಾಗೆಯೇ. ಬೂಸು ಹಿಡಿದ ಶೇಂಗಾ, ಹಿಂಡಿ, ಜೋಳ ಇವುಗಳ ವಿಷ ನೇರ ಯಕೃತ್ತಿಗೆ ಹೋಗುತ್ತದೆ. ಎಮ್ಮೆ ಒಲ್ಲೆ ಅಂದದ್ದನ್ನು ನಾಯಿಗೆ ನುಚ್ಚು ಮಾಡಿ ಹಾಕಬಾರದು. ದ್ರಾಕ್ಷಿ, ಒಣದ್ರಾಕ್ಷಿ, ಚಾಕಲೇಟು ಬೇಡವೇ ಬೇಡ. ಬೇಯಿಸಿದ ಕೋಳಿಯ ಎಲುಬು ಸೂಜಿಯಂತೆ ಸೀಳುತ್ತದೆ.

ಕೊನೆಗೆ ಒಂದು ಮಾತು. ಇದು ನಾಯಿಗಿಂತ ನಮ್ಮ ಮನೆಮಂದಿಗೆ ಸಂಬಂಧಪಟ್ಟದ್ದು. ಹಬ್ಬ, ಜಾತ್ರೆಯಲ್ಲಿ ಕುರಿ ಕೊಯ್ದಾಗ ಪುಪ್ಪಸದಲ್ಲಿ, ಯಕೃತ್ತಿನಲ್ಲಿ ನೀರು ತುಂಬಿದ ಬಿಳಿ ಗುಳ್ಳೆಗಳು ಸಿಗುತ್ತವೆ. ಅದನ್ನು ಕೊಯ್ದು ಹೊರಗೆ ಎಸೆಯುತ್ತೇವೆ, ನಾಯಿ ತಿನ್ನುತ್ತದೆ. ಆ ಗುಳ್ಳೆಯಲ್ಲಿ ಇರೋದು ಎಕಿನೊಕಾಕಸ್ ಎಂಬ ಹುಳದ ಮರಿ. ನಾಯಿಯ ಕರುಳಿನಲ್ಲಿ ಅದು ಬಲಿತು ಆರೇಳು ವಾರಕ್ಕೆ ತತ್ತಿ ಇಡಲು ಶುರು ಮಾಡುತ್ತದೆ. ಹುಳ ಕೆಲವೇ ಮಿಲಿಮೀಟರ್ ಉದ್ದ. ನಾಯಿಗೆ ಏನೂ ಆದಂತೆ ಕಾಣದು, ಕುಣಿಯುತ್ತ ಬಾಲ ಅಲ್ಲಾಡಿಸುತ್ತ ಇರುತ್ತದೆ. ಅದರ ಹೇಲಿನಿಂದ ತತ್ತಿ ಹುಲ್ಲಿಗೆ, ಕಾಯಿಪಲ್ಯಕ್ಕೆ, ಅದರ ಮೈಗೂದಲಿಗೆ, ಅಲ್ಲಿಂದ ನಾಯಿ ಸವರಿದ ಮಕ್ಕಳ ಕೈಗೆ, ಬಾಯಿಗೆ. ಮನುಷ್ಯರಲ್ಲಿ ಅದೇ ನೀರುಗುಳ್ಳೆ ಯಕೃತ್ತಿನಲ್ಲೋ ಪುಪ್ಪಸದಲ್ಲೋ ವರ್ಷಗಟ್ಟಲೆ ಸದ್ದಿಲ್ಲದೆ ಬೆಳೆಯುತ್ತದೆ. ಗೊತ್ತಾಗುವ ಹೊತ್ತಿಗೆ ಅನೇಕರಿಗೆ ಆಪರೇಶನ್ನೇ ದಾರಿ. ಒಂದು ಕುರಿಯ ಬೆಲೆಯಲ್ಲಿ ಆ ಖರ್ಚು ತೂಗೋದಿಲ್ಲ, ಹೊಲ ಅಡವಿಡಬೇಕಾದೀತು.

ಹೀಗಾಗಿ ಗುಳ್ಳೆ ಇರುವ ಅಂಗವನ್ನು ಸುಡಿರಿ, ಇಲ್ಲವೆ ನಾಯಿ ಕೆದರದಷ್ಟು ಆಳಕ್ಕೆ ಹೂಳಿರಿ. ಉಳಿದ ಬೋಟಿ, ಪುಪ್ಪಸ ನಾಯಿಗೆ ಹಾಕಲೇಬೇಕೆಂದಿದ್ದರೆ ಅರ್ಧ ತಾಸು ಕುದಿಸಿ ಹಾಕಿರಿ. ಹಟ್ಟಿಯ ನಾಯಿಗಳಿಗೆ ಆರು ವಾರಕ್ಕೊಮ್ಮೆ ಪ್ರಾಜಿಕ್ವಾಂಟೆಲ್ ಗುಳಿಗೆ ಕೊಡಿಸಿದರೆ ಹುಳ ತತ್ತಿ ಇಡುವ ಮೊದಲೇ ಸಾಯುತ್ತದೆ. ಗುಳಿಗೆಯ ಪ್ರಮಾಣ ತೂಕದ ಮೇಲೆ, ಊಟದ ಲೆಕ್ಕವೂ ತೂಕದ ಮೇಲೆ. ಆದ್ದರಿಂದ ಗೊಬ್ಬರ ತೂಗುವ ಸಂಘದ ಕಾಟಾವನ್ನು ಶನಿವಾರ ಮಧ್ಯಾಹ್ನ ನಾಯಿಗಳಿಗಾಗಿ ಬಿಟ್ಟುಕೊಡಲು ಕಾರ್ಯದರ್ಶಿಯವರು ಒಪ್ಪಿದ್ದಾರೆ. ತೂಕವನ್ನು ನಿಮ್ಮ ಹಾಲಿನ ಪುಸ್ತಕದ ಹಿಂದಿನ ಪುಟದಲ್ಲಿ ಬರೆದುಕೊಡುತ್ತೇವೆ, ಚಾರ್ಜು ಇಲ್ಲ. ಒಬ್ಬೊಬ್ಬರಾಗಿ, ಹಗ್ಗ ಹಾಕಿಕೊಂಡು ಕರೆತನ್ನಿರಿ. ಕಾಟಾದ ಮ್ಯಾಲೆ ಎರಡು ನಾಯಿ ಜಗಳಾಡಿದರೆ ಬಿಡಿಸೋದು ನಮ್ಮ ಉಪಸಮಿತಿಯ ಕೈಲಿ ಆಗೂದಿಲ್ಲ.