ಬೆರಳಿಗೆ ಸಿಗದ ಅಕ್ಷರ



ಅಮೆರಿಕದ ಕಚೇರಿ ಕಟ್ಟಡವೊಂದರ ನಕ್ಷೆಯಲ್ಲಿ ಶೌಚಾಲಯದ ಫಲಕದ ಬಗ್ಗೆ ವಾಸ್ತುಶಿಲ್ಪಿ ಬರೆಯುವುದು ಹಲವೊಮ್ಮೆ ಒಂದೇ ಸಾಲು: ‘16 ಗೇಜ್ ಲೋಹ, ಎನ್‌ಗ್ರೇವ್ಡ್ ಅಕ್ಷರ, ಎಡಿಎ ನಿಯಮದಂತೆ’. ಫಲಕ ತಯಾರಿಸುವವನ ಸಂಕಟ ಅಲ್ಲಿಂದಲೇ ಆರಂಭ. ಯಾವ ಲೋಹ? 16 ಗೇಜ್ ಉಕ್ಕಿನ ತಗಡು ಸುಮಾರು 1.5 ಮಿ.ಮೀ. ದಪ್ಪ, ಅದೇ ಗೇಜಿನ ಅಲ್ಯೂಮಿನಿಯಂ ಸುಮಾರು 1.3. ಇದು ಹೇಗೋ ಬಗೆಹರಿದೀತು.

ಬಗೆಹರಿಯದ್ದು ‘ಎನ್‌ಗ್ರೇವ್ಡ್’. ಬೇಲೂರಿನ ಉಬ್ಬುಶಿಲ್ಪವನ್ನೂ ಕನ್ನಡ ‘ಕೆತ್ತನೆ’ ಎನ್ನುತ್ತದೆ. ಈ ಪದಕ್ಕೆ ಆ ಉದಾರತೆಯಿಲ್ಲ, ಅಕ್ಷರ ಒಳಕ್ಕೇ ತಗ್ಗಬೇಕು. ಆದರೆ ಎಡಿಎ, ಅಂದರೆ 1990ರ ಅಂಗವಿಕಲರ ಹಕ್ಕಿನ ಕಾನೂನು, ತನ್ನ 2010ರ ಮಾನದಂಡದಲ್ಲಿ ಇಂಥ ಫಲಕದ ಅಕ್ಷರ ಕನಿಷ್ಠ 0.8 ಮಿ.ಮೀ. ಉಬ್ಬಿರಬೇಕು, ಜೊತೆಗೆ ಬ್ರೈಲ್ ಇರಬೇಕು ಎನ್ನುತ್ತದೆ. ಒಂದೇ ಸಾಲಿನೊಳಗೆ ಎರಡು ಆಜ್ಞೆಗಳ ಜಗಳ.

ಅಂದಕ್ಕೆ ಮಣಿದು ಒಳಕ್ಕೆ ಕೊರೆದರೆ, ಗೋಡೆ ತಡವುವ ಅಂಧರ ಬೆರಳಿಗೆ ಆ ಅಕ್ಷರ ಓದಲು ಸಿಗದು. ದೂರು ಬಂದಾಗ ಮೊದಲ ಬೆರಳು ತೋರುವುದು ಸಹಿ ಮಾಡಿದವರತ್ತ ಅಲ್ಲ, ಕೊರೆದವನತ್ತ. ಆದ್ದರಿಂದ ನುರಿತ ಕುಶಲಕರ್ಮಿ ಊಹೆಗೆ ಹೋಗುವುದಿಲ್ಲ. ಗುತ್ತಿಗೆದಾರನ ಮೂಲಕ ಲಿಖಿತ ಪ್ರಶ್ನೆಯನ್ನೂ ಉಬ್ಬಕ್ಷರದ ಮಾದರಿಯೊಂದನ್ನೂ ವಾಸ್ತುಶಿಲ್ಪಿಗೆ ಕಳಿಸುತ್ತಾನೆ. ಉತ್ತರ ಬರಹದಲ್ಲಿ ಬರುವವರೆಗೂ ತಗಡು ಯಂತ್ರವೇರುವುದಿಲ್ಲ.