ಕಿಡಿ ಹಾರುವ ಹೊತ್ತು

ಹಳೆಯ ಅಂಬಾಸಿಡರ್ ಕಾರಿನ ಪೆಟ್ರೋಲ್ ಎಂಜಿನ್ನಿನಲ್ಲಿ ಪಿಸ್ಟನ್ ಮೇಲಿನ ತುದಿ ಮುಟ್ಟುವ ಮೊದಲೇ ಪ್ಲಗ್ಗಿನಲ್ಲಿ ಕಿಡಿ ಹಾರುತ್ತದೆ. ಇದು ಅವಸರವಲ್ಲ, ಸಿದ್ಧತೆ. ಪೆಟ್ರೋಲ್ ಹೊತ್ತಿ ಉರಿಯಲು ಒಂದಿಷ್ಟು ಮಿಲಿಸೆಕೆಂಡ್ ಬೇಕಲ್ಲ! ನಿಮಿಷಕ್ಕೆ 600 ಸುತ್ತು ತಿರುಗುವಾಗ ಒಂದು ಮಿಲಿಸೆಕೆಂಡಿನಲ್ಲಿ ಕ್ರ್ಯಾಂಕ್ ಸರಿಯುವುದು ಮೂರೂವರೆ ಡಿಗ್ರಿಯಷ್ಟು. 3000 ಸುತ್ತಿನಲ್ಲಿ 18 ಡಿಗ್ರಿ. ಅದಕ್ಕೇ ವೇಗ ಏರಿದಂತೆ ಪ್ಲಗ್ಗುಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರಿನೊಳಗಿನ ಪುಟ್ಟ ತೂಕಗಳು ಸ್ಪ್ರಿಂಗ್ ಜಗ್ಗಿ ಹೊರಸರಿದು, ಕಿಡಿಯನ್ನು ಇನ್ನಷ್ಟು ಮುಂಚಿತವಾಗಿಸುತ್ತವೆ; ಇದೇ ಅಡ್ವಾನ್ಸ್. ಎಷ್ಟು ಮುಂಚೆ ಎಂಬುದು ಓಟದ ವೇಗಕ್ಕೆ ತಕ್ಕದ್ದು.

ಮೊದಲೇ ಪೂರ್ತಿ ಅಡ್ವಾನ್ಸ್ ಕೊಟ್ಟರಾಗದೇ? ಆಗದು. ಸ್ಟಾರ್ಟ್ ಮಾಡುವಾಗ ಎಂಜಿನ್ ಹಿಂದಕ್ಕೆ ಒದೆಯುತ್ತದೆ, ಏರಿನಲ್ಲಿ ಟಣಟಣ ಬಡಿಯುತ್ತದೆ. ತಡವೇ ಕ್ಷೇಮ ಎನ್ನೋಣವೇ? ತಡವಾದರೆ ಶಾಖ ಸೈಲೆನ್ಸರಿನ ಪಾಲು, ಪೆಟ್ರೋಲ್ ದಂಡ. ಒಳ್ಳೆಯ ಮೆಕ್ಯಾನಿಕ್ ಡಿಸ್ಟ್ರಿಬ್ಯೂಟರನ್ನು ಕೂದಲೆಳೆಯಷ್ಟು ತಿರುಗಿಸಿ, ಟೈಮಿಂಗ್ ಲೈಟಿನಲ್ಲಿ ಪುಲ್ಲಿಯ ಗುರುತು ನೋಡಿಯೇ ಬೋಲ್ಟ್ ಬಿಗಿಯುತ್ತಾನೆ.